ಆ ಹಳೇ ಡಬ್ಬಾ ಮುಚ್ಚಿಡಿ

ನೋ ಸಿಗ್ನಲ್, ಮತ್ತೂ ನೋ ಸಿಗ್ನಲ್, ದೊಡ್ಡ ಮಾನಿಟರಿನ ಮೇಲೆ ಆ ನೀಲಿ ಚೌಕ ಅಲ್ಲಿಂದಿಲ್ಲಿಗೆ ತೇಲುತ್ತಿದೆ, ಗಾರ್ಗಿ ವೈರು ಕಿತ್ತು ಮತ್ತೆ ಚುಚ್ಚಿದಳು — ಚುಚ್ಚುವುದರಲ್ಲೂ ಒಂದು ಸುಖವಿದೆ — ಮುದಿ ಲ್ಯಾಪ್‌ಟಾಪು, ಅರ್ಧ ಸ್ಕ್ರೀನು ಸತ್ತಿದೆ, ಆದರೂ ಇಂದುವಿಗೆ ಇದೇ ಬೇಕಾಯಿತು, ಅವಳದು ಆಫೀಸಿನದಂತೆ, ಮನೆಯ ವಿಡಿಯೋ ಕಾಲಿಗೆ ಬಳಸೋ ಹಾಗಿಲ್ಲವಂತೆ, ಗಾರ್ಗಿ ಅಕ್ಕಾ ನಿಮ್ಮ ಹಳೇದು ತನ್ನಿ ಪ್ಲೀಸ್, ನಮ್ಮ ಮಾನಿಟರ್‌ಗೆ ಹಾಕಿದ್ರಾಯ್ತು, ಪಾಪುಗೆ ಹೆಸರಿಡೋದು ನೋಡೋಕೆ ಮೈಸೂರಲ್ಲಿ ಅಮ್ಮ ಕಾಯ್ತಿರ್ತಾರೆ. ಅಮ್ಮ! ಇವಳ ಬಾಯಲ್ಲಿ ಎಷ್ಟು ಚೆಂದ ಬರುತ್ತದೆ ಆ ಮಾತು. ಮೈದುನನ ಹೆಂಡತಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವಳು, ಮೂರು ವರ್ಷದ ಹಿಂದೆ ಗಾರ್ಗಿಯ ಮಗಳು ತನ್ವಿಯ ನಾಮಕರಣದಲ್ಲಿ ಇದೇ ಲ್ಯಾಪ್‌ಟಾಪನ್ನು, ಫೋಟೋದಲ್ಲಿ ವೈರ್ ಬರುತ್ತೆ ಅಂತ, ಯಾರನ್ನೂ ಕೇಳದೆ ಆಚೆ ತಿರುಗಿಸಿಟ್ಟವಳು, ಚಪ್ಪಲಿ ಸ್ಟ್ಯಾಂಡಿನ ಕಡೆಗೆ. ಗಾರ್ಗಿಯ ಅಮ್ಮ, ಹೃದಯದ ತೊಂದರೆಯಿಂದ ವಿಮಾನ ಹತ್ತಿ ಅಮೆರಿಕಕ್ಕೆ ಬರಲಾರದ ಅಮ್ಮ, ರೇಷ್ಮೆ ಸೀರೆ ಉಟ್ಟು ಮೊಮ್ಮಗಳ ಹೆಸರಿಡುವುದನ್ನು ನೋಡಲು ಕೂತು ಚಪ್ಪಲಿ ನೋಡಿದಳು. ಎಲೆ ಹಾಕುವಾಗ ಕಂಡಿತು ಗಾರ್ಗಿಗೆ, ಓಡಿಹೋಗಿ ತಿರುಗಿಸಿದರೆ ಅಮ್ಮನ ಮುಷ್ಟಿಯಲ್ಲಿ ಅಕ್ಷತೆ ಹಾಗೇ ಇತ್ತು, ಯಾವಾಗ ಹಾಕಬೇಕೋ ತಿಳಿಯದೆ ಹಿಡಿದೇ ಕೂತಿದ್ದಳು. ಸಾರಿ ಅಕ್ಕಾ, ನಂಗೆ ಗೊತ್ತೇ ಆಗ್ಲಿಲ್ಲ — ನಕ್ಕಳು, ಹೌದು, ನಕ್ಕಳು. ಮಾಘದಲ್ಲಿ ಅಮ್ಮ ಹೋದಳು.

ಎರಡು ಕೀ ಒಟ್ಟಿಗೆ ಒತ್ತಿದಳು, ಎರಡನೇ ಸ್ಕ್ರೀನು ಮಾತ್ರ ಅಂತ ಆರಿಸಿದಳು, ಥಟ್ಟನೆ ಮಾನಿಟರಿನ ತುಂಬ ಮೈಸೂರು, ಇಂದುವಿನ ಅಮ್ಮ, ಹಸಿರು ರೇಷ್ಮೆ, ಅಲ್ಲಿ ಮಲಗುವ ಹೊತ್ತಾದರೂ ಮುಡಿಯಲ್ಲಿ ಮಲ್ಲಿಗೆ, ಗಾರ್ಗೀ ಚೆನ್ನಾಗಿದೀಯಾಮ್ಮ, ತನ್ವಿ ಎಲ್ಲಿ — ಹೂಂ ಚೆನ್ನಾಗಿದೀನಿ, ಕರಗಬೇಡ, ಕರಗಬೇಡ — ಅಷ್ಟರಲ್ಲಿ ತೊಟ್ಟಿಲಿನ ಹತ್ತಿರದಿಂದ ಇಂದು ಕೂಗಿದಳು, ಅಕ್ಕಾ, ಸ್ಕ್ರೀನ್ ಬಂತಲ್ಲ, ಆ ಹಳೇ ಡಬ್ಬಾ ಮುಚ್ಚಿಡಿ, ಫೋಟೋಲಿ ಅಸಹ್ಯ ಕಾಣುತ್ತೆ. ಮುಚ್ಚಿಡಿ! ಕ್ಯಾಮೆರಾ ಇರುವುದೇ ಆ ಮುಚ್ಚಳದಲ್ಲಿ ಅಂತ ಇವಳಿಗೆ ಹೊಳೆಯಲೇ ಇಲ್ಲ, ಮುಚ್ಚಿದರೆ ನಮಗೆ ಮೈಸೂರು ಕಾಣುತ್ತದೆ, ಮೈಸೂರಿಗೆ ಬರೀ ಕತ್ತಲೆ. ದೇವರೇ, ಕೇಳದೆಯೇ ಕೊಟ್ಟೆಯಲ್ಲ. ಒಂದು ಮಾತು ಹೇಳಿದರೆ ಸಾಕಿತ್ತು, ಹೇಳಲಿಲ್ಲ, ಉಪ್ಪು ತಿಂದವರು ನೀರು ಕುಡಿಯಲೇಬೇಕು, ಮುಚ್ಚಿದರೂ ಲ್ಯಾಪ್‌ಟಾಪು ಮಲಗದ ಹಾಗೆ ಸೆಟ್ಟಿಂಗು ಬದಲಿಸಿ, ಈ ಕಡೆಯ ಚಿತ್ರ ತೋರಿಸುವ ಪುಟ್ಟ ಚೌಕವನ್ನೂ ಮರೆಮಾಡಿ, ಮೆಲ್ಲಗೆ ಮುಚ್ಚಿದಳು. ಹೊಟ್ಟೆ ತಣ್ಣಗಾಯಿತು. ಈಗ ಮುದುಕಿ ಏನೂ ಕಾಣಿಸ್ತಿಲ್ಲ ಕಣೇ ಅನ್ನಲಿ, ಫ್ರೀಮಾಂಟಿನ ನೆಂಟರಿಷ್ಟರೆಲ್ಲ ತಿರುಗಿ ನೋಡಲಿ, ಇಂದು ಮುಖ ಸಣ್ಣ ಮಾಡಿಕೊಳ್ಳಲಿ, ಆಗ ಹೇಳುತ್ತೇನೆ, ನೀನೇ ಮುಚ್ಚು ಅಂದೆಯಲ್ಲಮ್ಮಾ, ನಂಗೆ ಗೊತ್ತೇ ಆಗ್ಲಿಲ್ಲ ಅಂತ, ಅದೇ ಮಾತು, ನಗುತ್ತಾ. ವಾರವೆಲ್ಲ ಮೆನ್ಲೋ ಪಾರ್ಕಿನ ಕಂಪನಿಯಲ್ಲಿ ಕೋಡು ಬರೆದು ಶನಿವಾರ ಪಂಚೆ ಉಡುವ ಪುರೋಹಿತರು ಮಂತ್ರ ಶುರು ಮಾಡಿದರು, ಹೇಳೇ ಮುದುಕಿ, ಹೇಳು, ಯಾಕೆ ಸುಮ್ಮನಿದ್ದೀಯ, ಕತ್ತಲೆ ತಾನೇ, ಹೇಳು.

ಮಾನಿಟರಿನಲ್ಲಿ ಮುದುಕಿ ಫೋನನ್ನು ಹತ್ತಿರ ತಂದುಕೊಂಡಿತು, ದೂರ ಹಿಡಿಯಿತು, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡಿತು, ಈಗ ಅನ್ನುತ್ತದೆ, ಈಗ — ಇಂದು ಮಗುವನ್ನು ಎತ್ತಿ ಹಿಡಿದಳು, ಅಮ್ಮಾ ಕಾಣಿಸ್ತಿದಾಳಾ ಪಾಪು, ಎಲ್ಲರೂ ಮಾನಿಟರ್ ಕಡೆ ತಿರುಗಿದರು, ಮುದುಕಿ ಕತ್ತಲೆಯನ್ನು ನೋಡುತ್ತಾ ನಕ್ಕಿತು, ಕಾಣಿಸ್ತಿದಾಳೆ ಕಂದಾ, ಕಣ್ತುಂಬಾ ನೋಡ್ತಿದೀನಿ, ಥೇಟ್ ನಿನ್ ಥರಾನೇ. ಸುಳ್ಳಿ! ಥೂ, ಶುಭಗಳಿಗೆಯಲ್ಲಿ ಮಗಳ ಮನಸ್ಸು ಕೆಡಬಾರದಂತೆ, ನನ್ನ ಸೇಡು ಹಾಳಾದರೂ ಪರವಾಗಿಲ್ಲವಂತೆ, ಇಂದುವಿನ ಮುಖದಲ್ಲಿ ಬೆಳಕೋ ಬೆಳಕು, ಅವಳಿಗೆ ಇದು ಎಂದೂ ತಿಳಿಯುವುದಿಲ್ಲ, ತಿಳಿದಿರುವುದು ತನಗೆ ಮತ್ತು ಆ ಮುದುಕಿಗೆ, ಎತ್ತು ಮುಚ್ಚಳ, ಎತ್ತಬೇಡ, ಎತ್ತಿದರೆ ಎಲ್ಲರ ಮುಂದೆ ಸುಳ್ಳಿಯಾಗುವುದು ಆ ಮುದುಕಿ, ಎತ್ತದಿದ್ದರೆ — ಮುಚ್ಚಳದ ಮೇಲೆ ಕೈ ಇಟ್ಟಳು, ಪುರೋಹಿತರು ಇನ್ನೂ ಅಕ್ಷತೆ ಹಾಕಿ ಅಂದಿಲ್ಲ, ಮಾನಿಟರಿನಲ್ಲಿ ಆ ಸುಕ್ಕುಗೈ ತಟ್ಟೆಗೆ ಹೋಯಿತು, ತಡಕಿತು, ಮೇಲೆ ಬಂತು, ಕತ್ತಲೆಯ ಮುಂದೆ ನಿಂತಿತು, ಮುಷ್ಟಿ, ಬಿಚ್ಚದ ಮುಷ್ಟಿ, ಅರಿಸಿನದ ಅಕ್ಕಿ ಹಿಡಿದ ಮುಷ್ಟಿ.