ನಿವೃತ್ತಿಯ ರಿಹರ್ಸಲ್

ಲಿಫ್ಟ್ ರಿಪೇರಿಯವನ ಹಣೆಬರಹ ಏನೆಂದರೆ, ಲಿಫ್ಟ್ ಕೆಟ್ಟು ನಿಂತಾಗಲೇ ಅವನಿಗೆ ಕರೆ ಬರುವುದು. ಹಾಗಾಗಿ ಇಪ್ಪತ್ತೆರಡು ವರ್ಷ ಊರವರೆಲ್ಲ ಲಿಫ್ಟಿನಲ್ಲಿ ಏರಿದರು, ಅವನೊಬ್ಬ ಮೆಟ್ಟಿಲು ಹತ್ತಿದ. ಮೊಣಕಾಲು ಈಗ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ನಲವತ್ತೆಂಟು ತುಂಬಿದ ದಿನವೇ ಕೆಲಸಕ್ಕೆ ಕೈಮುಗಿದುಬಿಡಬೇಕೆಂದು ಪಣ ತೊಟ್ಟು ಆರು ವರ್ಷವಾಗಿತ್ತು.

ಅದಕ್ಕೊಂದು ಲೆಕ್ಕದ ನೀಲಿ ಪುಸ್ತಕ. ಸಂಜೆ ಕೈಕಾಲು ತೊಳೆದು ಕೂತನೆಂದರೆ ಹೆಂಡತಿಗೆ ವಿಚಾರಣೆ ಶುರು: "ಹೂಂ, ಹೇಳು. ಎಷ್ಟು? ಯಾಕೆ? ಬೇಕಿತ್ತಾ?"

ಮಗಳು ಇದನ್ನೇ ಕನ್ನಡಕ ಮೂಗಿನ ತುದಿಗಿಳಿಸಿ, ಅಪ್ಪನ ಗಂಟಲಿನಲ್ಲೇ ಆಡಿ ತೋರಿಸುತ್ತಿದ್ದಳು. ತಾಯಿ ಬಿದ್ದು ಬಿದ್ದು ನಗುತ್ತಿದ್ದಳು. ಅವನೂ ನಗುತ್ತಿದ್ದ, ನಗುವುದಕ್ಕೇನು ಖರ್ಚೇ?

ಊರಲ್ಲೆಲ್ಲ ಬೆಲೆ ಏರುತ್ತಿದ್ದರೂ ನೀಲಿ ಪುಸ್ತಕದಲ್ಲಿ ಮನೆಖರ್ಚು ಇಳಿಯುತ್ತಲೇ ಇತ್ತು. ಅವನಿಗೆ ಬರಬೇಕಾದದ್ದು ಅನುಮಾನ, ಬಂದದ್ದು ಹೆಮ್ಮೆ. ಉಳಿತಾಯವನ್ನು ಖರ್ಚಿನಿಂದ ಭಾಗಿಸಿದ. ಮೂವತ್ತು ವರ್ಷ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದು! ರಾಜೀನಾಮೆ ಬರೆದು ಪುಸ್ತಕದೊಳಗಿಟ್ಟ. ಹೊಸ ಲಿಫ್ಟಿನಲ್ಲಿ ಜನರಿಗಿಂತ ಮೊದಲು ಮರಳಿನ ಮೂಟೆ ಹತ್ತಿಸಿ ನೋಡುವ ಅಭ್ಯಾಸ ಅವನದು. ಹಾಗೆಯೇ ಒಂದು ವಾರ ರಜೆ ಹಾಕಿ, ಮೂಟೆಯಂತೆ ಮನೆಯಲ್ಲಿ ಕೂತ.

ಸೋಮವಾರ ನೀರಿನ ಫಿಲ್ಟರ್ ಬದಲಿಸುವವನು ಬಂದ. "ಅಕ್ಕ ಇಲ್ವಾ ಸರ್? ಯಾವಾಗ್ಲೂ ಅವ್ರೇ ದುಡ್ಡು ಕೊಡೋದು."

ಮಂಗಳವಾರ ಮಗಳ ಗಣಿತದ ಮೇಷ್ಟ್ರು ಬಂದರು. ಮಗಳಿಗೆ ಮನೆಪಾಠವಿದೆ ಎಂಬುದೇ ಅವನಿಗೆ ಹೊಸ ಸುದ್ದಿ.

ಬುಧವಾರ ಸಂಜೆ ಔಷಧಿ ಅಂಗಡಿಯಾತ ಪೊಟ್ಟಣ ತಂದ. ಮೊಣಕಾಲಿನ ಮುಲಾಮು, ಅವನದೇ ಮೊಣಕಾಲಿಗೆ. ನೀಲಿ ಪುಸ್ತಕದಲ್ಲಿ ಅದರ ಬೆಲೆ ನಲವತ್ತು. ಚೀಟಿಯಲ್ಲಿ ನಾನೂರ ಇಪ್ಪತ್ತು.

ಹೆಂಡತಿ ಹೊಲಿಗೆ ಮೆಷಿನ್ ಮುಂದೆ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು.

"ಏನೇ ಇದು? ಎಷ್ಟು ದಿನದಿಂದ?"

"ಐದು ವರ್ಷ ಆಯ್ತು ರೀ."

"ದುಡ್ಡು?"

ಅವಳು ಗಲ್ಲದಿಂದಲೇ ಮೆಷಿನ್ ತೋರಿಸಿದಳು.

"ಆ ಕಾಸು ನಿನ್ನ ಕೈಖರ್ಚಿಗೆ ಅಂದ್ಕೊಂಡಿದ್ದೆ. ನನಗ್ಯಾಕೆ ಹೇಳ್ಲಿಲ್ಲ?"

"ಒಂದ್ಸಲ ಮುಲಾಮಿನ ನಿಜವಾದ ಬೆಲೆ ಹೇಳಿದ್ದೆ. ಮುಲಾಮೇ ಬೇಡ ಅಂದ್ರಿ. ಆಮೇಲೆ ಎರಡು ತಿಂಗಳು ಕುಂಟಿದ್ರಿ, ನೆನಪಿದ್ಯಾ?"

ನೆನಪಿತ್ತು. ಅವನು ನೀಲಿ ಪುಸ್ತಕ ತಂದು ಅವಳ ಪಕ್ಕ ಕೂತ. ಅವಳು ಒಂದೊಂದೇ ಹೇಳಿದಳು, ಅವನು ಹಾಗೆಯೇ ಬರೆದುಕೊಂಡ. ಮೂವತ್ತು ವರ್ಷ ಹದಿನೇಳಕ್ಕೆ ಬಂತು. ಹದಿಮೂರು ಮಹಡಿ ಒಂದೇ ಏಟಿಗೆ!

"ಹಾಗಾದ್ರೆ ಐವತ್ತೊಂದಕ್ಕೆ ಬಿಡ್ತೀನಿ. ನಿನ್ನ ಹೊಲಿಗೆ ಕಾಸನ್ನೂ ಲೆಕ್ಕಕ್ಕೆ ಹಿಡಿದ್ರೆ..."

"ಹಿಡೀರಿ. ನನಗೆ ಎಷ್ಟಕ್ಕೆ ರಿಟೈರು?"

ಆರು ವರ್ಷದ ಪುಸ್ತಕದಲ್ಲಿ ಆ ಪ್ರಶ್ನೆಗೆ ಒಂದು ಸಾಲೂ ಇರಲಿಲ್ಲ. ಅವನು ರಾಜೀನಾಮೆಯನ್ನು ತೆಗೆದು ಮಗುಚಿ, ಖಾಲಿ ಬೆನ್ನಿನ ಮೇಲೆ ಮತ್ತೆ ಭಾಗಿಸಿದ, ಈ ಸಲ ಹೊಲಿಗೆ ಕಾಸು ಬಿಟ್ಟು.

"ನನಗೆ ಐವತ್ಮೂರು ಆದಾಗ," ಎಂದ. "ಇಬ್ರಿಗೂ ಒಂದೇ ದಿನ."

ಹೆಂಡತಿ ಪ್ಯಾಂಟನ್ನು ಪಕ್ಕಕ್ಕಿಟ್ಟು, ಮುಚ್ಚಳ ತೆಗೆದ ಮುಲಾಮನ್ನು ಅವನ ಕೈಗಿತ್ತಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳ ಕನ್ನಡಕ ಆಗಲೇ ಮೂಗಿನ ತುದಿಗಿಳಿದಿತ್ತು.

"ನಾನೂರ ಇಪ್ಪತ್ತು? ಬೇಕಿತ್ತಾ?"

"ಬೇಕಿತ್ತು ಕಣಮ್ಮಾ," ಎಂದು ಅವನು ಮೊಣಕಾಲು ನೀವಿಕೊಂಡ. ಮುಂದಿನ ಸೋಮವಾರ ಹದಿನಾರು ಮಹಡಿ ಹತ್ತುವುದಿತ್ತು.