ಹೊಳೆಯುವ ಮುಳ್ಳಿನ ವಾಚು

ಅವಳು ಬಂಡೆಯ ಸೀಳಿನ ಮುಂದೆ ಮಂಡಿಯೂರಿದಾಗ ಬಿಸಿಲು ನೆತ್ತಿಗೇರಿತ್ತು. ದಪ್ಪ ಹರಳಿನ ಬಿಳಿ ಕಲ್ಲಿನ ನಡುವೆ ಹೆಬ್ಬೆರಳ ಗಾತ್ರದ ಕಪ್ಪು ಗಂಟು. ಡಾಂಬರಿನ ಹೊಳಪು, ಅಂಚಿಗೆ ಹಳದಿ ಪುಡಿ. ಸುತ್ತಲಿನ ಬಿಳುಪು ಕೆಂಪಗೆ ತಿರುಗಿ, ಗಂಟಿನಿಂದ ಹೊರಟ ಬಿರುಕುಗಳು ನಾಲ್ಕೂ ಕಡೆ ಹರಡಿದ್ದವು. ಯುಗಗಟ್ಟಲೆ ವಿಕಿರಣ ತಾಗಿದ ಕಲ್ಲು ಹೀಗೇ ಬಣ್ಣಗೆಟ್ಟು ಬಿರುಕು ಬಿಡುತ್ತದೆ. ಚೂರೊಂದನ್ನು ಎಬ್ಬಿಸಿ ಅಂಗೈಗೆ ಹಾಕಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಎಂಟು ವರ್ಷ ಖನಿಜ ಹುಡುಕುವ ತಂಡದಲ್ಲಿ ಹಂಗಾಮಿ ನೌಕರಳಾಗಿ ಕಲ್ಲು ಕುಟ್ಟಿದವಳಿಗೆ ಇನ್ನೇನು ಬೇಕು? ವಿಕಿರಣ ಸೂಸುವ ಇಂಥ ಅಪರೂಪದ ಖನಿಜವನ್ನು ಗುರುತಿಸಿದವರ ಹೆಸರು ವರದಿಯಲ್ಲಿ ಬರುತ್ತದೆ. ಹೆಸರು ಬಂದರೆ ಕೆಲಸ ಖಾಯಂ.

"ಭಾವಾ, ಬೇಗ ಬನ್ನಿ!"

ತಂಡದ ಮುಖ್ಯಸ್ಥ ಅವಳ ಅಕ್ಕನ ಗಂಡನೇ. ಸುತ್ತಿಗೆ ಹಿಡಿಯುವುದನ್ನು ಕಲಿಸಿದವನೂ ಅವನೇ. ವಿಕಿರಣ ಅಳೆಯುವ ಯಂತ್ರವನ್ನು ಅವನು ಕಲ್ಲಿನ ಹತ್ತಿರ ತಂದದ್ದೇ ತಡ, ಬಾಣಲೆಯಲ್ಲಿ ಸಿಡಿಯುವ ಕಾಳಿನಂತೆ ಚಟಪಟ ಶುರುವಾಯಿತು.

ಭಾವ ಮುಗುಳ್ನಕ್ಕ. "ಪುಟ್ಟೀ, ಮತ್ತೆ ಅದೇ ಕಥೆ. ನನ್ನ ವಾಚು ಕಣೇ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಎರಡು ವರ್ಷದ ಹಿಂದೆ ಹೀಗೇ ಕಿರುಚಿ ಇಡೀ ತಂಡವನ್ನು ಓಡಿಸಿದ್ದಳು. ಆಗ ಯಂತ್ರವನ್ನು ಚಟಪಟ ಅನ್ನಿಸಿದ್ದು ಭಾವನ ಕೈಯಲ್ಲಿದ್ದ, ಅವನ ಅಪ್ಪನ ಕಾಲದ ವಾಚು. ಕತ್ತಲಲ್ಲಿ ಹೊಳೆಯಲೆಂದು ಅದರ ಮುಳ್ಳಿಗೆ ಬಳಿದ ಬಣ್ಣದಲ್ಲೇ ವಿಕಿರಣ ಇತ್ತು. ಅಂದಿನಿಂದ ತಂಡಕ್ಕೆಲ್ಲ ಅವಳು "ವಾಚಮ್ಮ". ಈ ಸಲ ಭಾವನ ಅಂಗಿಯ ತೋಳು ಮಣಿಕಟ್ಟು ಮುಚ್ಚುವಷ್ಟು ಇಳಿದಿತ್ತು. ತೋರಿಸಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಕಪ್ಪು ಗಂಟಿನ ಬಗ್ಗೆ ಬರೆದಿದ್ದ ಸಾಲಿಗೆ ಗೀಟು ಎಳೆದು, "ತಪ್ಪು. ಭಾವನ ವಾಚು" ಎಂದು ಬರೆದು ಸಹಿ ಹಾಕಿದಳು.

ತಿಂಗಳಾದ ಮೇಲೆ ಕಚೇರಿಯ ಫಲಕದಲ್ಲಿ ವರದಿ ಅಂಟಿಸಿದ್ದರು. ಅದೇ ಸೀಳು, ಅದೇ ಕಪ್ಪು ಗಂಟು. ಗುರುತಿಸಿದವರು ಎಂಬಲ್ಲಿ ಭಾವನ ಹೆಸರು. ಆಮೇಲೆ ಒಬ್ಬರೇ ಹೋಗಿ ಇನ್ನೊಮ್ಮೆ ನೋಡಿರಬೇಕು, ಅನುಭವ ಅಂದರೆ ಅದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಪೆದ್ದಿ. ಅಭಿನಂದನೆ ಹೇಳಲು ಅಕ್ಕನ ಮನೆಗೂ ಹೋದಳು.

ಅಕ್ಕ ಬಾಗಿಲಲ್ಲೇ ಸಣ್ಣ ಪೊಟ್ಟಣವೊಂದನ್ನು ಕೈಗಿಟ್ಟಳು. "ಒಳಗಿದ್ದಾರೆ, ನೀನೇ ಕೊಡು, ಖುಷಿಪಡ್ತಾರೆ. ಮಾವನೋರ ವಾಚು. ಮೂರು ತಿಂಗಳಿಂದ ರಿಪೇರಿ ಅಂಗಡೀಲಿ ಕೊಳೀತಾ ಇತ್ತು, ಇವತ್ತು ಕೊಟ್ಟ ಪುಣ್ಯಾತ್ಮ."

ಮೂರು ತಿಂಗಳು. ಆ ಕಲ್ಲು ಕಂಡು ತಿಂಗಳಷ್ಟೇ ಆಗಿತ್ತು. ವಾಚಿಗೆ ಕಲ್ಲನ್ನು ಬಿರುಕು ಬಿಡಿಸಲು ಬರುತ್ತದೆಯೇ? ಕಣ್ಣಾರೆ ಕಂಡದ್ದನ್ನು ಬಿಟ್ಟು ಅವನ ಮಾತು ನಂಬಿದ್ದಳು.

ಭಾವ ಪತ್ರಿಕೆ ಓದುತ್ತಿದ್ದ. ಪೊಟ್ಟಣ ಬಿಚ್ಚಿ ವಾಚನ್ನು ಅವನ ಮುಂದಿಟ್ಟಳು.

"ಭಾವ, ಅವತ್ತು ನಿಮ್ಮ ಕೈಯಲ್ಲಿ ಇದು ಇರಲೇ ಇಲ್ಲ."

ಅವನು ವಾಚನ್ನು ನೋಡಿದ, ಬಾಗಿಲ ಕಡೆ ನೋಡಿದ. ಆಮೇಲೆ ಎಂದಿನ ಅಕ್ಕರೆಯಿಂದಲೇ ಅಂದ:

"ಇತ್ತು ಅಂತ ನೀನೇ ಬರೆದು ಸಹಿ ಹಾಕಿದೀಯಲ್ಲ, ಪುಟ್ಟಿ."