ಚೊಕ್ಕ ಹಂಚು

"ಏನ್ ಮಾಡಿಟ್ಟಿ ಇದು?"

ಅತ್ತೆ ಕಳಕವ್ವನ ದನಿ ಕೇಳಿ ಗೌರವ್ವ ಹರಿದ ರೊಟ್ಟಿಯನ್ನು ಸೆರಗಿನ ಮರೆಗೆ ಸರಿಸಿದಳು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಒಲೆಯ ಮೇಲೆ ಕಬ್ಬಿಣದ ಹಂಚು ಊಟದ ತಾಟಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ರೊಟ್ಟಿಯ ಇನ್ನರ್ಧ ಅದಕ್ಕೇ ಕಚ್ಚಿಕೊಂಡು ಸೀಯುತ್ತಿತ್ತು.

ಗೌರವ್ವ ಗಜೇಂದ್ರಗಡದ ಈ ಮನೆಗೆ ಸೊಸೆಯಾಗಿ ನಡೆಯಲು ಬಂದು ಎರಡು ತಿಂಗಳಾಗಿತ್ತಷ್ಟೆ. ನಾಳೆ ರೊಟ್ಟಿ ಹಬ್ಬ, ಅದರ ಬೆನ್ನಿಗೇ ನಾಗರ ಪಂಚಮಿ. ರೊಟ್ಟಿ ಹಬ್ಬಕ್ಕೆ ಓಣಿಯ ಮನೆಮನೆಗೂ ರೊಟ್ಟಿ ಬೀರಬೇಕು. ಹೊಸ ಸೊಸೆಯ ಕೈ ಹೇಗೆಂದು ಓಣಿಯೇ ಅಗಿದು ನೋಡಿ ಹೇಳುತ್ತದೆ. ಪಂಚಮಿಗೆ ಕರೆದೊಯ್ಯಲು ನರಗುಂದದಿಂದ ಅಣ್ಣ ಬರುವ ವಾಡಿಕೆ. ಆ ಮಾತೆತ್ತಿದಾಗ ಕಳಕವ್ವ, "ಮೊದಲ ಹಬ್ಬದ ರೊಟ್ಟಿ ಆಗಲಿ. ನಿನ್ನ ಕೈ ನೋಡಿ, ಕಳಸೂದೋ ಬಿಡೂದೋ ಆಮ್ಯಾಲ ಹೇಳ್ತೀನಿ," ಎಂದಿದ್ದಳು. ತವರಿನ ಜೋಕಾಲಿ ಗೌರವ್ವನಿಗೆ ಹಗಲಲ್ಲೂ ಕಣ್ಣ ಮುಂದೆ ತೂಗುತ್ತಿತ್ತು. ಹೋಗಲೇಬೇಕಿತ್ತು ಅವಳಿಗೆ.

ಇಲ್ಲಿಯವರೆಗೆ ಕಳಕವ್ವ ಹಂಚನ್ನು ಯಾರ ಕೈಗೂ ಕೊಟ್ಟವಳಲ್ಲ. ಇಂದು ಸಂತೆಗೆ ಹೋಗುವಾಗ, "ಹಂಚ ಚೊಕ್ಕ ಮಾಡಿ ರೊಟ್ಟಿ ಬಡಿಯಾಕ ಕೂಡ್ರು," ಎಂದಿದ್ದಳು. ಈ ಮನೆಯಲ್ಲಿ ಹಂಚು ಚೊಕ್ಕ ಮಾಡುವುದೆಂದರೆ ಒಣ ಅರಿವೆಯಿಂದ ಒಮ್ಮೆ ಒರೆಸುವುದು, ಮುಗಿಯಿತು. ನರಗುಂದದಲ್ಲಿ ಒಲೆಯ ಕೆಲಸ ಅವ್ವನದು, ಹಿತ್ತಲಲ್ಲಿ ತಾಮ್ರ-ಹಿತ್ತಾಳೆ ತಿಕ್ಕುವುದು ಗೌರವ್ವನದು. ಅವಳ ಪಾಲಿಗೆ ಚೊಕ್ಕವೆಂದರೆ ಅದರಲ್ಲಿ ಮುಖ ಕಾಣಬೇಕು. ಪಾಪ, ಇಟ್ಟಿಗೆ ಪುಡಿ, ಹುಣಸೆಹಣ್ಣು ಹಚ್ಚಿ ಹಂಚಿನ ಹೊಟ್ಟೆ ಬೆನ್ನು ಎರಡನ್ನೂ ತಿಕ್ಕಿದ್ದೇ ತಿಕ್ಕಿದ್ದು.

"ನಮ್ಮತ್ತಿ ಕೊಟ್ಟ ಹಂಚಿದು! ನಾ ಬಂದಾಗಿಂದ ಎಣ್ಣಿ ಕುಡದು ಕುಡದು ಕರ್ರಗಾಗಿತ್ತು. ಕರ್ರಗಿದ್ರ ಹೊಲಸೇನ? ಆಕಳ ಕರೇದಿದ್ರ ಹಾಲೂ ಕರೇವೇನ?"

ಪಡಸಾಲೆಯಲ್ಲಿ ಗೌರವ್ವನ ಗಂಡ ದೇವಪ್ಪನ ಮಗ್ಗದ ಸದ್ದು ನಿಂತಿತು. ಅತ್ತೆ-ಸೊಸೆಯರ ದನಿ ಏರಿದರೆ ಎಂಥ ಗಂಡಸಿನ ಕೈಕಾಲೂ ತಾವಾಗಿಯೇ ನಿಲ್ಲುತ್ತವೆ.

"ನೀವಽ ಚೊಕ್ಕ ಮಾಡು ಅಂದಿದ್ರಲ್ರಿ, ಅತ್ತಿ..."

"ಚೊಕ್ಕ ಅಂದ್ರ..." ಕಳಕವ್ವ ಅಲ್ಲಿಗೇ ತಡೆದಳು. ಸೊಸೆ ಕಣ್ಣೊರೆಸಿಕೊಳ್ಳಲು ಎತ್ತಿದ ಕೈ ಕಂಡಿತ್ತು. "ತೋರಸು ಇಲ್ಲೆ."

ಬೆರಳ ತುದಿಗಳು ತೊಗಲು ಸುಲಿದು ಕೆಂಪಗಾಗಿದ್ದವು. ಕಳಕವ್ವ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಅತ್ತಾಗ ಸರಿ. ಹಂಚಿಗೆ ಉಳ್ಳಾಗಡ್ಡಿ ನಾನಽ ಹಚ್ತೀನಿ, ನೀ ಮುಟ್ಟಬ್ಯಾಡ, ಉರೀತೈತಿ."

ಕಳಕವ್ವ ಸೀದ ರೊಟ್ಟಿಯನ್ನು ಕೆರೆದು ತೆಗೆದು ಉರಿ ಸಣ್ಣ ಮಾಡಿದಳು. ಅರ್ಧ ಉಳ್ಳಾಗಡ್ಡಿಯನ್ನು ಕುಸುಬೆ ಎಣ್ಣೆಯಲ್ಲಿ ಅದ್ದಿ ಹಂಚಿಗೆ ಸವರಿದಳು. ಹೊಗೆ ಎದ್ದಿತು. ಒರೆಸಿ, ಮತ್ತೆ ಸವರಿದಳು.

"ಒಮ್ಮೆಲೇ ಸುರೀಬಾರದು. ಕೂಸಿಗೆ ಹಾಲ ಕುಡಿಸಿಧಂಗ ಕುಡಸಬೇಕು."

ಬಿಳಿಯ ಹಂಚು ಮೆಲ್ಲಗೆ ಬೆಲ್ಲದ ಬಣ್ಣಕ್ಕೆ ತಿರುಗಿತು, ಆಮೇಲೆ ನಡುವೆ ಕಪ್ಪಾಯಿತು. ಮೊದಲ ರೊಟ್ಟಿಗಳು ಹರಿದು ಎಮ್ಮೆಯ ಪಾಲಾದವು. ಸಂಜೆಯ ಹೊತ್ತಿಗೆ ಒಂದು ರೊಟ್ಟಿ ಇಡಿಯಾಗಿ ಎದ್ದು ಬಂತು.

ಎಣ್ಣೆಯ ಕಮಟಿನ ಜಾಡು ಹಿಡಿದುಕೊಂಡೇ ನೆರೆಮನೆಯ ತಿಪ್ಪವ್ವ ಬಂದು ಇಣುಕಿದಳು. "ಅಯ್ಯ ನಮ್ಮವ್ವ! ಹಂಚ ತಿಕ್ಕ್ಯಾಳೇನ ನಿನ್ನ ಸೊಸಿ?"

ಗೌರವ್ವ ತಲೆ ತಗ್ಗಿಸಿದಳು. ಓಣಿಯೆಲ್ಲ ನಗುವುದು ಆಗಲೇ ಕಿವಿಗೆ ಕೇಳಿಸಿತು.

"ಚೊಕ್ಕ ಮಾಡಂತ ನಾನಽ ಹೇಳಿದ್ನಿ, ಮಾಡ್ಯಾಳ," ಎಂದಳು ಕಳಕವ್ವ ರೊಟ್ಟಿ ಬಡಿಯುತ್ತಲೇ. "ನೀ ಹೇಳಿದ್ದ ನಿನ್ನ ಸೊಸಿ ಮಾಡ್ತಾಳೇನು?"

ತಿಪ್ಪವ್ವ ಬಂದ ದಾರಿ ಹಿಡಿದಳು.

ಕೊನೆಯ ರೊಟ್ಟಿ ಬೇಯುವಾಗ ಕತ್ತಲಾಗಿತ್ತು. ಒಲೆಯಿಂದ ಇಳಿಸಿದ ಹಂಚಿನ ಬೆನ್ನ ಮಸಿಯಲ್ಲಿ ಕಿಡಿ ಮಿನುಗಿದರೆ ಹಂಚು ನಕ್ಕಿತು, ಬೀಗರು ಬರುತ್ತಾರೆ ಎನ್ನುತ್ತಾರೆ. ಕಳಕವ್ವ ಹಂಚು ಇಳಿಸಿ ಬೆನ್ನು ತಿರುಗಿಸಿದಳು. ತಿಕ್ಕಿದ ಬೆನ್ನಿಗೆ ಕಿಡಿ ಹಿಡಿಯುವಷ್ಟು ಮಸಿ ಇನ್ನೂ ಕೂತಿರಲಿಲ್ಲ. ಒಂದು ಕಿಡಿಯೂ ಇರಲಿಲ್ಲ.

"ನಕ್ಕೈತಿ ನೋಡು."

ಗೌರವ್ವ ಬಗ್ಗಿ ನೋಡಿದಳು. "ಎಲ್ಲೈತ್ರಿ, ಅತ್ತಿ?"

"ನಿನಗ ಕಾಣೂದಿಲ್ಲ ಬಿಡು. ನಾಳೆ ಮೋಟಾರಿಗೆ ನಿಮ್ಮಣ್ಣ ಬರ್ತಾನ. ಹೋಗು, ಸೀರಿ ಗಂಟ ಕಟ್ಟಿಟ್ಕೊ. ನಿಮ್ಮವ್ವಗ ನಾಕ ರೊಟ್ಟೀನೂ ಇಟ್ಕೊ."

ಗೌರವ್ವ ಕೂಡಲೇ ಏಳಲಿಲ್ಲ. ಹಂಚು ಆರುವವರೆಗೆ ಕಾದಳು. ಆಮೇಲೆ ಒಣ ಅರಿವೆ ತೆಗೆದುಕೊಂಡು, ಒಂದೇ ಒಂದು ಸಲ ಮೆಲ್ಲಗೆ ಒರೆಸಿ, ಗೋಡೆಗೆ ಆನಿಸಿಟ್ಟಳು.